ಅಮ್ಮ ಕಲಸಿಟ್ಟ ಹಿಟ್ಟು

"ಕೆಳಗಡೆ ಏನ್ ಬೇಕಾದ್ರೂ ಬಿಚ್ಚಿ. ಮೇಲಿನ ಬಾಗಿಲು ಮಾತ್ರ ತೆಗೀಬೇಡಿ."

ಫ್ರಿಜ್‌ಗೆ ಬೆನ್ನು ಕೊಟ್ಟು, ಎರಡೂ ಕೈ ಹಿಂದಕ್ಕೆ ಚಾಚಿ, ಫ್ರೀಜರಿನ ಬಾಗಿಲನ್ನು ಒತ್ತಿ ಹಿಡಿದು ನಿಂತಿದ್ದಳು ಅವಳು. ಎದುರಿಗೆ ಟೂಲ್ ಬ್ಯಾಗ್ ಹಿಡಿದ, ಕನ್ನಡಕ ಹಾಕಿದ ಮೆಕ್ಯಾನಿಕ್. ಇಬ್ಬರ ಕಾಲ ಕೆಳಗೂ ಸಣ್ಣಗೆ ನೀರು ಹರಿಯುತ್ತಿತ್ತು.

ಮನೆಮನೆಗೆ ಹೋಗಿ ಫ್ರಿಜ್ ರಿಪೇರಿ ಮಾಡುವ ಅವನು ಬಗೆಬಗೆಯ ಜನರನ್ನು ಕಂಡಿದ್ದ. ಆದರೆ 'ಬೇಗ ಬನ್ನಿ' ಎಂದು ಫೋನಿನಲ್ಲಿ ಅಳುತ್ತಾ ಕರೆದು, ಬಂದ ಮೇಲೆ ಮುಟ್ಟಲೂ ಬಿಡದವರನ್ನು ನೋಡಿದ್ದು ಇದೇ ಮೊದಲು.

"ಮೇಡಂ, ತೆಗೀದೆ ನೋಡೋದ್ ಹೇಗೆ?"

"ತೆಗೆದ್ರೆ ತಂಪು ಹೋಗ್ಬಿಡುತ್ತೆ."

"ತಂಪು ಬೆಳಿಗ್ಗೆನೇ ಹೋಗಿದೆ. ನೀವು ನಿಂತಿರೋದು ನೀರಲ್ಲಿ."

ಅವಳು ಕೆಳಗೆ ನೋಡಿದಳು. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಕಂಡವರ ಮೂಗಿನ ಮೇಲೆ ಫ್ರೇಮು ಕೂರಿಸುವ, ಎಂಥ ಕಿರಿಕಿರಿ ಗಿರಾಕಿಗೂ ಜಗ್ಗದ ಗಟ್ಟಿಗಿತ್ತಿ ಅವಳು. ಅಂಥವಳ ಕಣ್ಣು ಈಗ ಗುರುತು ಪರಿಚಯ ಇಲ್ಲದವನ ಎದುರು ತುಂಬಿ ಬಂತು.

ಅವನು ಬ್ಯಾಗ್ ಕೆಳಗಿಟ್ಟ.

"ಒಳಗೇನಿದೆ? ಔಷಧಾನಾ?"

"ಹಿಟ್ಟು."

"ಹಿಟ್ಟಾ?"

"ಪಿಜ್ಜಾ ಹಿಟ್ಟು. ಒಂದು ಉಂಡೆ... ಅಮ್ಮ ಕಲಸಿದ್ದು."

"ಅಯ್ಯೋ, ಅಷ್ಟೇನಾ? ಹೋಗ್ಲಿ ಬಿಡಿ ಮೇಡಂ, ಅಮ್ಮ ಇನ್ನೊಂದ್ಸಲ ಕಲಸಿಕೊಡ್ತಾರೆ."

ಅವಳು ಅವನನ್ನು ನೋಡಿದಳು. ಆ ನೋಟದಲ್ಲೇ ಅವನಿಗೆ ಎಲ್ಲ ಗೊತ್ತಾಯಿತು. ಆಡಿದ ಮಾತನ್ನು ವಾಪಸ್ ನುಂಗಲು ಆಗುವಂತಿದ್ದರೆ ಅಲ್ಲೇ ನುಂಗಿಬಿಡುತ್ತಿದ್ದ.

ಆ ಮನೆಯಲ್ಲಿ ಶನಿವಾರ ಅಂದರೆ ಪಿಜ್ಜಾ. ಅಂಗಡಿಯಿಂದ ತಂದ ಬೇಸ್ ಅಂದರೆ ಅಮ್ಮನಿಗೆ ಆಗುತ್ತಿರಲಿಲ್ಲ. ಮೈದಾ ಜರಡಿ ಹಿಡಿಯುವುದರಿಂದ ಹಿಡಿದು ಟೊಮೇಟೊ ಸಿಪ್ಪೆ ಸುಲಿದು ಸಾಸ್ ಕುದಿಸುವವರೆಗೆ ಎಲ್ಲವೂ ತನ್ನ ಕೈಯಿಂದಲೇ ಆಗಬೇಕು. ಶುಕ್ರವಾರ ಸಂಜೆ ಎರಡು ಉಂಡೆಯಷ್ಟು ನಾದಿ, ಒಂದನ್ನು ಮರುದಿನಕ್ಕೆ ಇಟ್ಟು, ಇನ್ನೊಂದನ್ನು ಬೆರಳಿನಿಂದ ಸ್ವಲ್ಪ ಒತ್ತಿ ಡಬ್ಬಿಗೆ ಹಾಕಿ ಫ್ರೀಜರಿಗೆ ತಳ್ಳುತ್ತಿದ್ದಳು. ಕಳೆದ ವರ್ಷ ಒಂದು ಶುಕ್ರವಾರ ಹಾಗೆ ತಳ್ಳಿದವಳು, ಎದೆ ಉರಿಯುತ್ತಿದೆ ಎಂದು ಆಸ್ಪತ್ರೆಗೆ ಹೋದಳು. ಮನೆಗೆ ಬರಲಿಲ್ಲ. ಡಬ್ಬಿಯೊಳಗೆ ಆ ಉಂಡೆ, ಅದರ ಮೇಲೆ ಅವಳ ನಾಲ್ಕು ಬೆರಳಿನ ಗುರುತು ಹಾಗೇ ಉಳಿದವು.

ಮೆಕ್ಯಾನಿಕ್ ಫ್ರಿಜ್‌ನ ಹಿಂಬದಿ ಬಿಚ್ಚಿ ನೋಡಿದ. ಕಂಪ್ರೆಸರ್ ಸುಟ್ಟಿತ್ತು. ಹೊಸದು ತರಿಸಲು ವಾರವಾದರೂ ಬೇಕು. ಅದನ್ನು ಅವಳಿಗೆ ಹೇಗೆ ಹೇಳಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಸ್ಕ್ರೂ ಬಿಗಿ ಮಾಡುತ್ತಾ ಕುಳಿತ.

"ಮೇಡಂ... ನನ್ ಮನೆ ಹಿಂದಿನ ಬೀದೀಲೇ. ಸೈಕಲ್ ಶಾಪಿನ ಮೇಲೆ. ನನ್ ಫ್ರೀಜರ್‌ನಲ್ಲಿ ಐಸ್ ಬಿಟ್ರೆ ಏನೂ ಇಲ್ಲ. ಅಲ್ಲಿಡ್ಲಾ?"

"ಮೇಲ್ಗಡೆ ಅಮ್ಮನ ಬೆರಳಿನ ಗುರುತಿದೆ. ಅಳಿಸಬಾರದು."

"ಡಬ್ಬಿ ಮುಚ್ಚಳಾನೂ ತೆಗೆಯಲ್ಲ."

ಅವನು ತನ್ನ ಜಾಕೆಟ್ಟಿನಲ್ಲಿ ಡಬ್ಬಿಯನ್ನು ಸುತ್ತಿ, ನಿದ್ದೆಹೋದ ಮಗುವನ್ನು ಎತ್ತಿಕೊಳ್ಳುವ ಹಾಗೆ ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದ. ಟೂಲ್ ಬ್ಯಾಗ್ ಮರೆತೇ ಹೋಗಿತ್ತು. ಅದನ್ನು ಹಿಡಿದು ಅವಳೇ ಹಿಂದೆ ಓಡಿದಳು.

ಮರುದಿನ ಅಂಗಡಿ ಮುಗಿಸಿ ಅವಳು ಅವನ ಬಾಗಿಲು ತಟ್ಟಿದಳು. ನಾಚಿಕೆಯಾಗುತ್ತಿತ್ತು. ಆದರೂ ಕೇಳಿದಳು.

"ಒಂದ್ಸಲ ನೋಡಬಹುದಾ?"

"ಬನ್ನಿ ಬನ್ನಿ. ಆರಾಮಾಗಿದ್ದಾರೆ."

ಹಿಟ್ಟಿಗೂ ಬಹುವಚನ! ವರ್ಷದಿಂದ ನಗದವಳು ಅಂದು ಅವನ ಫ್ರಿಜ್ ಮುಂದೆ ನಿಂತು ನಕ್ಕಳು.

ಆಮೇಲೆ ಅದೇ ರೂಢಿಯಾಯಿತು. ಸಂಜೆ ಬರುವುದು, ಡಬ್ಬಿ ನೋಡುವುದು, ಅವನು ಮಾಡಿದ ನೀರು ನೀರು ಕಾಫಿ ಕುಡಿಯುವುದು, ಹೊರಡಲು ಎದ್ದು ಬಾಗಿಲಲ್ಲಿ ನಿಂತು ಮತ್ತೊಂದಿಷ್ಟು ಹೊತ್ತು ಮಾತಾಡುವುದು. ಮನೆಯಲ್ಲಿ ಅಪ್ಪ ಕಾಯುತ್ತಿದ್ದ. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿ ನಿವೃತ್ತನಾದ ಮನುಷ್ಯ. ಯಾವ ಗಾಡಿ ಯಾಕೆ ತಡ ಅನ್ನುವುದು ಅವನಿಗೆ ನೋಡಿದ ತಕ್ಷಣ ಗೊತ್ತಾಗುತ್ತಿತ್ತು.

"ಎಲ್ಲಿಗೆ ಹೋಗಿದ್ದೆ ಚಿನ್ನಿ?"

"ಹಿಟ್ಟು ನೋಡೋಕೆ."

"ಹಿಟ್ಟು ಹೇಗಿದೆ?"

"ಚೆನ್ನಾಗಿದೆ ಅಪ್ಪ."

"ಫ್ರಿಜ್ಜಪ್ಪ ಹೇಗಿದ್ದಾನೆ?"

ಅವಳು ಸರಸರ ಒಳಗೆ ಹೋದಳು. ಅಪ್ಪ ಪೇಪರಿನ ಹಿಂದೆ ಮುಖ ಮರೆಮಾಡಿಕೊಂಡ. ಅಂದಿನಿಂದ ಆ ಮನೆಯಲ್ಲಿ ಅವನ ಹೆಸರು ಫ್ರಿಜ್ಜಪ್ಪ ಎಂದೇ ಆಯಿತು.

ಅವಳ ಫ್ರಿಜ್ ರಿಪೇರಿಯಾಗಿ ಮೊದಲಿಗಿಂತ ಜೋರಾಗಿ ಗುಂಯ್‌ಗುಟ್ಟತೊಡಗಿತು. ಡಬ್ಬಿ ಮಾತ್ರ ವಾಪಸ್ ಬರಲಿಲ್ಲ. ಅವಳು ಕೇಳಲಿಲ್ಲ, ಅವನು ಕೊಡಲಿಲ್ಲ. ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ಲವೇ?

ಒಂದು ಸಂಜೆ ಫ್ರಿಜ್ಜಪ್ಪ ಕಾಫಿ ಲೋಟ ತಿರುಗಿಸುತ್ತಾ ಕೇಳಿದ.

"ತಪ್ಪು ತಿಳ್ಕೋಬೇಡಿ... ಅದನ್ನ ಯಾವಾಗ್ಲಾದ್ರೂ ಬೇಯಿಸ್ತೀರಾ?"

ಬೇಯಿಸಿದರೆ ತಿನ್ನಬೇಕು. ತಿಂದರೆ ಮುಗಿಯಿತು. ಆಮೇಲೆ ಅಮ್ಮನದು ಅನ್ನುವುದು ಏನು ಉಳಿಯುತ್ತದೆ? ಇಷ್ಟು ದಿನ ಅವಳನ್ನು ತಡೆದಿದ್ದು ಅದೊಂದೇ ಭಯ. ಆದರೆ ಅಂದು, ಆ ಸಣ್ಣ ಅಡುಗೆಮನೆಯಲ್ಲಿ, ಅವನ ಎದುರು ಕುಳಿತಾಗ ಅವಳಿಗೆ ಸ್ವಲ್ಪ ಧೈರ್ಯ ಬಂತು.

"ಬರೋ ಶನಿವಾರ. ಇಲ್ಲೇ, ಆ ಮೂಲೇಲಿರೋ ನಿಮ್ಮ ಓವನ್‌ನಲ್ಲಿ. ಅಪ್ಪನ್ನೂ ಕರ್ಕೊಂಡ್ ಬರ್ತೀನಿ."

"ನಾನೇನ್ ಮಾಡ್ಲಿ?"

"ಏನೂ ಬೇಡ. ಓವನ್ ಮಾತ್ರ ಸಿಕ್ಕಾಪಟ್ಟೆ ಕಾದಿರಬೇಕು. ಅಮ್ಮ ಅರ್ಧ ಗಂಟೆ ಮುಂಚೇನೇ ಆನ್ ಮಾಡಿಡ್ತಿದ್ಲು."

ಅವನು ಆ ಮಾತನ್ನು ಪಾಠದ ಹಾಗೆ ನೆನಪಿಟ್ಟುಕೊಂಡ. ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು...

ಶನಿವಾರ ಬೆಳಿಗ್ಗೆ ಅವಳ ಕೈಗೆ ಮನೆಯ ಇನ್ನೊಂದು ಕೀ ಕೊಟ್ಟು ಅವನು ರಿಪೇರಿಗೆ ಹೋದ. ಅವಳು ಉಂಡೆಯನ್ನು ಪ್ಲಾಸ್ಟಿಕ್ ಬಟ್ಟಲಿಗೆ ಹಾಕಿ, ಒದ್ದೆ ಬಟ್ಟೆ ಮುಚ್ಚಿ, ಆರಿದ ಓವನ್‌ನ ಒಳಗಿಟ್ಟಳು. ಗಾಳಿ ತಾಗದೆ ಬೆಚ್ಚಗಿರಲಿ ಎಂದು ಅಮ್ಮ ಹಾಗೇ ಮಾಡುತ್ತಿದ್ದಳು. ಕರಗಲಿ, ಉಬ್ಬಲಿ ಎಂದು ಕಾಯುತ್ತಾ ಸಾಸ್‌ಗೆ ಬೆಳ್ಳುಳ್ಳಿ ಸುಲಿದಳು.

ಮಧ್ಯಾಹ್ನ ಓವನ್ ಬಾಗಿಲು ತೆಗೆದು, ಬಟ್ಟೆ ಎತ್ತಿ ನೋಡಿದಳು.

ಹಿಟ್ಟು ಉಬ್ಬಿರಲಿಲ್ಲ.

ಎರಡು ಪಟ್ಟು ಆಗಬೇಕಿದ್ದ ಉಂಡೆ ಬೂದು ಬಣ್ಣಕ್ಕೆ ತಿರುಗಿ, ನೀರು ಬಿಟ್ಟುಕೊಂಡು ತಳಕ್ಕೆ ಅಂಟಿತ್ತು. ಅಮ್ಮನ ಬೆರಳಿನ ಗುರುತು ಕರಗಿಹೋಗಿತ್ತು. ಮೂಗಿಗೆ ಹುಳಿ ನಾತ ಬಡಿಯಿತು. 'ಫ್ರೀಜರ್‌ನಲ್ಲಿ ಮೂರು ತಿಂಗಳು ಇಡಬಹುದು ಕಣೇ, ಆಮೇಲೆ ಯೀಸ್ಟ್ ಸತ್ತುಹೋಗುತ್ತೆ' ಎಂದು ಅಮ್ಮ ಎಷ್ಟು ಸಲ ಹೇಳಿರಲಿಲ್ಲ? ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದೊಂದೇ ತಿಂಗಳು ಮುಂದೆ ಹಾಕಿದ್ದಳು. ಬೇಯಿಸಿದರೆ ಮುಗಿದುಹೋಗುತ್ತದೆ ಎಂದು ಹೆದರಿ ಇಟ್ಟುಕೊಂಡವಳು, ಇಟ್ಟುಕೊಂಡೇ ಅದನ್ನು ಮುಗಿಸಿದ್ದಳು.

ಮತ್ತೆ ಬಟ್ಟೆ ಮುಚ್ಚಿದಳು, ಓವನ್ ಬಾಗಿಲು ಹಾಕಿದಳು, ಅಪ್ಪನನ್ನು ಕರೆತರಲು ಹೊರಟಳು. ಅಪ್ಪ ಆಗಲೇ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. 'ಅಪ್ಪಾ, ಹಿಟ್ಟು ಹಾಳಾಗಿದೆ' ಎಂಬ ಮಾತನ್ನು ದಾರಿಯುದ್ದಕ್ಕೂ ಒಂದೊಂದೇ ತಿರುವಿಗೆ ಮುಂದೆ ಹಾಕುತ್ತಾ ಬಂದಳು.

ಅಷ್ಟರಲ್ಲಿ ಫ್ರಿಜ್ಜಪ್ಪ ಮನೆಗೆ ಬಂದಿದ್ದ. ಅಡುಗೆಮನೆಯಲ್ಲಿ ಬಟ್ಟಲು ಕಾಣಲಿಲ್ಲ. ಹಿಟ್ಟನ್ನು ಮನೆಗೆ ಒಯ್ದಿದ್ದಾಳೆ, ಅಪ್ಪನ ಜೊತೆ ತರುತ್ತಾಳೆ ಎಂದುಕೊಂಡ. ಅರ್ಧ ಗಂಟೆ ಮುಂಚೆ ಅಂದಿದ್ದಳಲ್ಲ? ಗಡಿಯಾರ ನೋಡಿ, ಓವನ್‌ನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಖುಷಿಯಿಂದ ಟೇಬಲ್ ಒರೆಸಿದ, ತಟ್ಟೆ ಜೋಡಿಸಿದ. ಬಾಲ್ಕನಿಯಲ್ಲಿದ್ದ ಕುರ್ಚಿ ತರಲು ಹೋದ.

ಅವಳೂ ಅಪ್ಪನೂ ಮೆಟ್ಟಿಲು ಹತ್ತುವಾಗಲೇ ಹೊಗೆ ಎದುರಾಯಿತು.

ಒಳಗೆ ಅವನು ಬರಿಗೈಯಲ್ಲಿ ಬಟ್ಟಲು ಎಳೆಯಲು ಹೋಗಿ ಬೆರಳು ಸುಟ್ಟುಕೊಂಡು ನಿಂತಿದ್ದ. ಪ್ಲಾಸ್ಟಿಕ್ ಕರಗಿ ಸುರಿದಿತ್ತು. ಬಟ್ಟೆ ಸುಟ್ಟಿತ್ತು. ನಡುವೆ ಕರಕಲಾದ ಒಂದು ಮುದ್ದೆ.

"ನಂಗೆ... ಒಳಗಿದೆ ಅಂತ ನಂಗೆ ಗೊತ್ತಿರ್ಲಿಲ್ಲ..."

ಇಲ್ಲೊಂದು ಮಾತು ಹೇಳಲೇಬೇಕು. ಆ ಹೊಗೆಯ ನಡುವೆ, ಒಂದೇ ಒಂದು ಕ್ಷಣ, ಅವಳ ಮನಸ್ಸು ಹಗುರವಾಯಿತು. ಇನ್ನು ಅಪ್ಪನಿಗೆ ಏನೂ ಹೇಳಬೇಕಾಗಿಲ್ಲ! ಮರುಕ್ಷಣವೇ ಆ ಹಗುರ ಅವಳಿಗೇ ಅಸಹ್ಯವಾಯಿತು. ಆ ಅಸಹ್ಯವನ್ನು ಎಲ್ಲಿ ಹಾಕಬೇಕೋ ತಿಳಿಯದೆ ಎದುರಿಗೆ ನಿಂತವನ ಮೇಲೆ ಸುರಿದುಬಿಟ್ಟಳು.

"ಅಮ್ಮಂದು ಅಂತ ನಂಗೆ ಇದ್ದಿದ್ದು ಅದೊಂದೇ. ಅದನ್ನೂ ಸುಟ್ಟುಬಿಟ್ರಿ."

"ಚಿನ್ನಿ, ಸಾಕು," ಎಂದ ಅಪ್ಪ.

ಅವಳು ತಿರುಗಿ ನೋಡದೆ ಇಳಿದು ಹೋದಳು.

ಮಾರನೆಯ ಸಂಜೆ ಅವರ ಬಾಗಿಲಲ್ಲಿ ಒಂದು ಡಬ್ಬಿ ಇತ್ತು. ಒಳಗೆ ಪಿಜ್ಜಾ ಹಿಟ್ಟಿನ ಉಂಡೆ. ಅದರ ಮಾರನೆಯ ದಿನ ಇನ್ನೊಂದು. ಹೇಳಿಕೊಡುವವರಿಲ್ಲದೆ, ಪಟ್ಟಿ ಕಟ್ಟಿದ ಬೆರಳಿನಲ್ಲಿ ಅವನು ದಿನಾ ಹಿಟ್ಟು ಕಲಸಿ ತಂದಿಟ್ಟು ಸದ್ದಿಲ್ಲದೆ ಹೋಗುತ್ತಿದ್ದ. ಒಂದು ದಿನದ್ದು ಕಲ್ಲಿನಷ್ಟು ಗಟ್ಟಿ. ಇನ್ನೊಂದು ದಿನದ್ದು ಉಪ್ಪೇ ಇಲ್ಲದ್ದು.

ಅಪ್ಪ ಒಂದನ್ನು ಬೇಯಿಸಿ ಕಚ್ಚಿ ನೋಡಿದ.

"ಇದನ್ನ ಡಿಪೋಗೆ ಕೊಟ್ರೆ ಬಸ್ಸಿನ ಚಕ್ರಕ್ಕೆ ಅಡ್ಡ ಇಡಬಹುದು."

ಅವಳು ನಗಲಿಲ್ಲ. ಬಿಸಾಡಲೂ ಆಗಲಿಲ್ಲ. ಒಂದೊಂದನ್ನೂ ಫ್ರೀಜರಿಗೆ ಇಟ್ಟಳು. ಫ್ರೀಜರ್ ತುಂಬುತ್ತಾ ಬಂತು, ಜೊತೆಗೆ ಅವಳ ಎದೆಯ ಭಾರವೂ. 'ಹೇಳಿಬಿಡು. ನಿಮ್ಮ ತಪ್ಪಲ್ಲ ಅಂತ ಒಂದು ಮಾತು ಹೇಳಿಬಿಡು.' ದಿನಾ ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿದರೆ ತಾನು ಎಂಥವಳು ಎಂದು ಅವನಿಗೆ ಗೊತ್ತಾಗುತ್ತದೆ. ಆಮೇಲೆ ಅವನು ಮುಖ ನೋಡುತ್ತಾನೆಯೇ? ಹೇಳದಿದ್ದರೆ ಅವನು ಕೊರಗಿ ಕೊರಗಿ ಅರ್ಧವಾಗುತ್ತಾನೆ. ಎರಡೂ ಅವಳ ಕೈಲಾಗುವಂತಿರಲಿಲ್ಲ.

ಒಂದು ಮಧ್ಯಾಹ್ನ ಅವನೇ ಅಂಗಡಿಗೆ ಬಂದ. ಕೈಯಲ್ಲಿ ಸೊಟ್ಟಗಾದ ಕನ್ನಡಕ.

"ಹಾಕ್ಕೊಂಡೇ ಮಲಗಿಬಿಟ್ಟಿದ್ದೆ. ನೆಟ್ಟಗಾಗುತ್ತಾ?"

ಅವಳು ಫ್ರೇಮ್ ಬಿಸಿ ಮಾಡಿ ಬಗ್ಗಿಸಿದಳು. ಅಳತೆ ನೋಡಲು ಅವನ ಕಿವಿಯ ಮೇಲೆ ಇಟ್ಟಳು. ಇಷ್ಟು ಹತ್ತಿರದಿಂದ ಅವನ ಮುಖವನ್ನು ಅವಳು ನೋಡಿರಲಿಲ್ಲ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಉಗುರಿನ ಸಂದಿಯಲ್ಲಿ ಒಣಗಿದ ಮೈದಾ.

"ಇನ್ಮೇಲೆ ಡಬ್ಬಿ ಇಡಲ್ಲ," ಎಂದ ಅವನು ಮೆಲ್ಲಗೆ. "ಅದನ್ನ ನೋಡಿದಾಗೆಲ್ಲ ನಿಮಗೆ ಹಿಂಸೆ ಅಂತ ಈಗ ಅನ್ಸುತ್ತೆ. ಮೊದ್ಲೇ ಹೊಳೀಬೇಕಿತ್ತು. ನಿಮ್ ಬೀದಿಗೂ ಬರಲ್ಲ. ನಾನ್ ಮಾಡಿದ್ದು ಸರಿ ಹೋಗೋ ಅಂಥದ್ದಲ್ಲ."

'ಅಲ್ಲ, ಹಾಗಲ್ಲ...'

ಬಾಯಿ ತೆರೆದಳು. ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ತಮ್ಮ ಫ್ರೇಮನ್ನು ಅವಳ ಮುಂದೆ ಚಾಚಿದರು. "ಏನಮ್ಮಾ, ನಮ್ದೂ ಸ್ವಲ್ಪ ನೋಡ್ತೀಯಾ?" ಅವಳು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಅವನು ಹೊರಗೆ ಹೋಗಿಯಾಗಿತ್ತು.

ಸಂಜೆ ಬಾಗಿಲಲ್ಲಿ ಡಬ್ಬಿ ಇರಲಿಲ್ಲ. ಆ ಖಾಲಿ ಮೆಟ್ಟಿಲನ್ನು ನೋಡುತ್ತಾ ಅವಳು ಅಲ್ಲೇ ಕುಳಿತಳು. ಅಪ್ಪ ಬಂದು ಪಕ್ಕದಲ್ಲಿ ಕುಳಿತ.

"ಅಪ್ಪಾ... ಆ ಹಿಟ್ಟು ಉಬ್ಬಿರಲೇ ಇಲ್ಲ. ಅವರು ಸುಡೋಕೆ ಮುಂಚೆನೇ ಹಾಳಾಗಿತ್ತು. ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ."

"ವರ್ಷ ದಾಟಿದ ಹಿಟ್ಟು ಉಬ್ಬುತ್ತೇನೇ? ನಿಮ್ಮಮ್ಮನ ಜೊತೆ ಅಷ್ಟು ವರ್ಷ ಸಂಸಾರ ಮಾಡಿದ್ದೀನಿ, ಅಷ್ಟೂ ಗೊತ್ತಿಲ್ವಾ ನಂಗೆ?"

ಅವಳು ಬೆಪ್ಪಾಗಿ ಅವನ ಮುಖ ನೋಡಿದಳು.

"ಮತ್ತೆ ಇಸ್ತ್ರಿ ಶರ್ಟ್ ಹಾಕ್ಕೊಂಡು ಯಾಕೆ ಬಂದೆ?"

"ನೀನು ಕರೆದೆ. ಬಂದೆ."

ಅಷ್ಟು ದಿನ ತಡೆದಿದ್ದ ಅಳು ಅಪ್ಪನ ಹೆಗಲ ಮೇಲೆ ಒಡೆಯಿತು. ಅಪ್ಪ ತಲೆ ಸವರುತ್ತಾ ಕುಳಿತ.

"ಅವನಿಗೆ ಹೇಳು."

"ಹೇಗೆ ಹೇಳ್ಲಿ ಅಪ್ಪಾ?"

"ಅದು ನಂಗೂ ಗೊತ್ತಿಲ್ಲಮ್ಮ. ಹೋಗಿ ನಿಲ್ಲು ಅಷ್ಟೇ."

ಅವನ ಮನೆಯ ಬಾಗಿಲು ತೆರೆದೇ ಇತ್ತು. ಟೇಬಲ್ ತುಂಬ ಮೈದಾ. ಅವನು ಬಟ್ಟಲಿನ ಮೇಲೆ ಬಗ್ಗಿ ಹಿಟ್ಟಿನ ಜೊತೆ ಗುದ್ದಾಡುತ್ತಿದ್ದ.

"ಇನ್ನು ಇಡಲ್ಲ ಅಂದ್ರಿ?"

ಅವನು ಬೆಚ್ಚಿ ತಲೆಯೆತ್ತಿದ. "ಇಡಲ್ಲ. ಈ ಹೊತ್ತಿಗೆ ಕಲಸಿ ಕಲಸಿ ಅಭ್ಯಾಸ ಆಗಿಬಿಟ್ಟಿದೆ. ಸುಮ್ನೆ ಕೂರೋಕಾಗ್ಲಿಲ್ಲ."

ಅವಳು ಹತ್ತಿರ ಬಂದು ಬಟ್ಟಲು ನೋಡಿದಳು. "ಅಂಟಿದ ತಕ್ಷಣ ಮೈದಾ ಸುರೀತೀರಾ. ಅದಕ್ಕೇ ಕಲ್ಲಾಗೋದು. ಅಂಟಲಿ ಬಿಡಿ. ನಾದ್ತಾ ನಾದ್ತಾ ತಾನೇ ಬಿಡುತ್ತೆ. ಇದು ಬೇಡ, ಮೊದಲಿಂದ ಮಾಡೋಣ."

ಬೆಚ್ಚಗಿನ ನೀರಿಗೆ ಸಕ್ಕರೆ, ಯೀಸ್ಟ್. ನೊರೆ ಬರುವವರೆಗೂ ಇಬ್ಬರೂ ಲೋಟವನ್ನೇ ನೋಡುತ್ತಾ ನಿಂತರು. ಬೇರೆ ಎಲ್ಲಿ ನೋಡಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಮೈದಾ, ಉಪ್ಪು, ಒಂದಿಷ್ಟು ಆಲಿವ್ ಎಣ್ಣೆ. ಅವಳು ಎರಡೂ ಕೈ ಇಳಿಸಿದಳು. ಒಂದು ಕಡೆಯಿಂದ ಅವನೂ.

"ನಾನು ನಿಮಗೊಂದು ಮೋಸ ಮಾಡಿದ್ದೀನಿ."

"ಏನು?"

"ಅಮ್ಮನ ಹಿಟ್ಟು ನಿಮ್ಮಿಂದ ಹಾಳಾಗಲಿಲ್ಲ. ಅವತ್ತು ಮಧ್ಯಾಹ್ನ ನಾನು ತೆಗೆದು ನೋಡಿದ್ದೆ. ಅದು ಆಗಲೇ ಸತ್ತಿತ್ತು. ಅಷ್ಟು ದಿನ ಇಟ್ಟು ಇಟ್ಟು ಸಾಯಿಸಿದ್ದು ನಾನು. ನನ್ನ ಮೇಲೆ ನಂಗೆ ಬಂದ ಸಿಟ್ಟನ್ನ ನಿಮ್ಮ ಮೇಲೆ ಹಾಕ್ದೆ."

ಅವನ ಕೈ ನಿಂತಿತು.

"ಮಧ್ಯಾಹ್ನಾನೇ ಗೊತ್ತಿತ್ತಾ?"

"ಹೂಂ."

"ಇಷ್ಟು ದಿನ..."

"ಹೂಂ."

"ಒಂದು ತುತ್ತೂ ಸೇರ್ತಿರಲಿಲ್ಲ ನಂಗೆ. ಯಾರ ಮನೇಲಿ ಫ್ರಿಜ್ ತೆಗೆದ್ರೂ ಆ ಡಬ್ಬೀನೇ ನೆನಪಾಗ್ತಿತ್ತು. ಗೊತ್ತಾ ನಿಮಗೆ?"

ಅವನ ದನಿ ಏರಿದ್ದನ್ನು ಅವಳು ಇದೇ ಮೊದಲು ಕೇಳಿದ್ದು. ತನಗೆ ಇದು ಆಗಬೇಕಾದದ್ದೇ ಅನ್ನಿಸಿತು. ಅವಳು ಸರಕ್ಕನೆ ಬಾಗಿಲಿನ ಕಡೆ ನಡೆದಳು. ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು. ಹಿಡಿ ತಿರುಗಿಸಲು ಹೋದರೆ ಹಿಟ್ಟು ಮೆತ್ತಿದ ಕೈ ಜಾರಿತು. ಇನ್ನೊಮ್ಮೆ ಜಾರಿತು. ಹೇಳಿಯೂ ಆಗಿತ್ತು, ಹೋಗಲೂ ಆಗುತ್ತಿಲ್ಲ. ಕಣ್ಣೀರು ಧಾರೆಯಾಗಿ ಇಳಿಯಿತು, ಒರೆಸಿಕೊಳ್ಳಲೂ ಕೈ ಇಲ್ಲ.

"ಬಾಗಿಲು... ತೆಗೀತೀರಾ?"

ಅವನು ಹತ್ತಿರ ಬಂದು ತನ್ನ ಕೈಗಳನ್ನು ತೋರಿಸಿದ. ಮೊಣಕೈವರೆಗೂ ಹಿಟ್ಟು.

"ತೊಳ್ಕೊಂಡು ಬಂದು ತೆಗೆದುಕೊಡ್ತೀನಿ, ಹೋಗಲೇಬೇಕು ಅಂದ್ರೆ. ಆದ್ರೆ ಒಂದ್ ನಿಮಿಷ ಇರಿ. ಸಿಟ್ಟು ಬಂದಿದೆ ನಂಗೆ, ಸುಳ್ಳು ಹೇಳಲ್ಲ. ನೀವು ಹೋಗಬಾರದು ಅಂತಾನೂ ಇದೆ. ಎರಡೂ ಒಟ್ಟಿಗೆ ಬಂದ್ರೆ ಏನ್ ಮಾಡಬೇಕೋ ಗೊತ್ತಾಗ್ತಿಲ್ಲ."

ಅವನು ಬಗ್ಗಿ, ಶರ್ಟಿನ ತೋಳನ್ನು ಅವಳ ಕೆನ್ನೆಗೆ ಒತ್ತಿ ಒಂದು ಕಡೆಯ ಕಣ್ಣೀರು ಒರೆಸಿದ. ಆಮೇಲೆ ಇನ್ನೊಂದು ಕಡೆಯದನ್ನು.

"ನಿಮ್ಮನ್ನ ಇಷ್ಟಪಡ್ತೀನಿ ಅಂತ ಹೇಳೋದಿತ್ತು," ಎಂದಳು ಅವಳು ಬಿಕ್ಕುತ್ತಾ. "ಇದನ್ನ ಮುಚ್ಚಿಟ್ಟು ಅದನ್ನ ಹೇಳೋಕೆ ಆಗ್ಲಿಲ್ಲ."

ಅವನು ಟೇಬಲ್ ಕಡೆ ತಿರುಗಿದ. ಕೆಳಗೆ ಸೈಕಲ್ ಶಾಪಿನವನು ಶಟರ್ ಎಳೆಯುವ ಸದ್ದು ಬಂತು.

"ಬನ್ನಿ. ಹಿಟ್ಟು ಅರ್ಧಕ್ಕೇ ನಿಂತಿದೆ."

ಇಬ್ಬರೂ ಮತ್ತೆ ಬಟ್ಟಲಿನ ಮುಂದೆ ನಿಂತರು. ನಾದುವಾಗ ಅವನ ಬೆರಳು ಯಾವುದು, ಅವಳ ಬೆರಳು ಯಾವುದು ಎಂದು ತಿಳಿಯದ ಹಾಗೆ ಹಿಟ್ಟು ಸುತ್ತಿಕೊಂಡಿತು.

"ಇದು ಉಬ್ಬೋಕೆ ಎಷ್ಟು ಹೊತ್ತು ಬೇಕು?"

"ಒಂದೂವರೆ ಗಂಟೆ."

"ಅಷ್ಟರಲ್ಲಿ ಸಿಟ್ಟು ಇಳಿಯುತ್ತೆ ಅನ್ಸುತ್ತೆ."

"ಇಳೀದಿದ್ರೆ?"

"ಸಿಟ್ಟಲ್ಲೇ ತಿಂತೀನಿ. ನಿನ್ ಪಕ್ಕ ಕೂತು."

ಅವಳು ತಲೆಯೆತ್ತಲಿಲ್ಲ. ಬಟ್ಟಲಿನೊಳಗೆ ಅವನ ಸುಟ್ಟ ಬೆರಳಿನ ಒರಟು ಕಲೆಯನ್ನು ಮೆಲ್ಲಗೆ ಮುಟ್ಟಿದಳು.

"ನೋವಿದೆಯಾ?"

"ಇದೆ."

"ಕೈ ತೆಗೀಲಾ?"

"ಬೇಡ. ಹಾಗೇ ಇರ್ಲಿ."